ಬಿಟ್ಟಿರಬೇಕಾದ ತುದಿ

ನನಗೆ ಮೂಗಿನ ಮೇಲೇ ಕೋಪ. ಚಿಂತಾಮಣಿಯ ಟೊಮೆಟೊ ಮಂಡಿಗಳ ಗಲಾಟೆಯಲ್ಲಿ ಬೆಳೆದವಳಿಗೆ ಮೆತ್ತಗೆ ಮಾತಾಡುವುದು ಎಲ್ಲಿಂದ ಬರಬೇಕು? ಕೆಲಸದ ಜಾಗದಲ್ಲೂ ನನ್ನ ಗಂಟಲೇ ಜೋರು. ಕೆಲಸ ಎಂದರೆ ಸಣ್ಣ ವಿಮಾನಗಳಿಗೆ ಅಳತೆಯ ಸೆನ್ಸರ್ ಕೂರಿಸುವುದು. ಗೌರಿಬಿದನೂರಿನ ಕಡೆ ಒಂದು ಖಾಸಗಿ ಏರ್‌ಸ್ಟ್ರಿಪ್, ಒಂದು ತಗಡಿನ ಶೆಡ್ಡು, ಹೊಲಗದ್ದೆಗಳ ಫೋಟೊ ತೆಗೆಯುವ ಎರಡು ಸೀಟಿನ ವಿಮಾನ. ಅದರ ರೆಕ್ಕೆಯ ಕೆಳಗೆ ಹೊಸದಾಗಿ ಕ್ಯಾಮೆರಾ ಪೆಟ್ಟಿಗೆ ನೇತುಹಾಕಿದ್ದರು. ಆ ಭಾರಕ್ಕೆ ರೆಕ್ಕೆಯ ಬುಡದ ಮೇಲೆ ಎಷ್ಟು ಒತ್ತಡ ಬೀಳುತ್ತಿದೆ ಎಂದು ಪೈಲಟ್‌ಗೆ ತೋರಿಸುವ ಮೀಟರು ನನ್ನದು. ಮುಳ್ಳು ಕೆಂಪು ಗೆರೆ ದಾಟಿದರೆ ರೆಕ್ಕೆ ಅಪಾಯದಲ್ಲಿದೆ ಎಂದರ್ಥ.

ಸೆನ್ಸರಿನಿಂದ ಬರುವ ಸಂಕೇತ ಬಲು ಬಡಕಲು. ಅಕ್ಕಪಕ್ಕದ ಮೋಟಾರು, ದೀಪಗಳ ಕಾಟ ಅದಕ್ಕೆ ತಟ್ಟದಿರಲೆಂದು ತಂತಿಯ ಮೇಲೆ ತಾಮ್ರದ ಜಾಲರಿ ಹೆಣೆದಿರುತ್ತದೆ. ಶೀಲ್ಡ್ ಅನ್ನುತ್ತೇವೆ. ನಮ್ಮ ಈ ಮೀಟರಿಗೆ ಶೀಲ್ಡನ್ನು ಮೀಟರಿನ ಕಡೆ ಮಾತ್ರ ಅರ್ತಿಂಗ್ ಮಾಡಬೇಕು. ರೆಕ್ಕೆಯ ಕಡೆಯ ತುದಿಯನ್ನು ಎಲ್ಲಿಗೂ ಕಟ್ಟದೆ ಬಿಡಬೇಕು. ಎರಡೂ ಕಡೆ ಕಟ್ಟಿದರೆ ವಿಮಾನದ ಮೈಯಲ್ಲಿ ಹರಿಯುವ ಕರೆಂಟು ಜಾಲರಿಯಲ್ಲೂ ಹರಿದು ಮೀಟರಿನಿಂದ ಸುಳ್ಳು ಹೇಳಿಸುತ್ತದೆ.

ತಂತಿ ಜೋಡಿಸುತ್ತಿದ್ದವರು ಶಿಡ್ಲಘಟ್ಟದ ಅಕ್ಕ. ನಮ್ಮಲ್ಲಿಗೆ ಬರುವ ಮುಂಚೆ ವರ್ಷಗಟ್ಟಲೆ ರೇಷ್ಮೆ ನೂಲು ಬಿಚ್ಚಿದವರು. ಅಲ್ಲಿ ಎಳೆ ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೇರಿಸಿರಬೇಕು. ಬಿಟ್ಟ ತುದಿ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ; ನನ್ನ ದುಪಟ್ಟಾದ ಅಂಚಿನ ದಾರವನ್ನೂ ಮಾತಾಡುತ್ತಲೇ ಗಂಟು ಹಾಕಿಬಿಡುತ್ತಿದ್ದರು. ಪೈಲಟ್ ಹುಡುಗಿ ಗೌರಿಬಿದನೂರಿನವಳೇ. ನನ್ನ ಡಬ್ಬಿಯ ಚಿತ್ರಾನ್ನವನ್ನು ಕೇಳದೆ ತಿನ್ನುವಷ್ಟು ಸಲಿಗೆ. ಶಿಡ್ಲಘಟ್ಟದ ಅಕ್ಕನಿಗಂತೂ ಅವಳೆಂದರೆ ಪ್ರಾಣ.

ಪೆಟ್ಟಿಗೆ ಹೊತ್ತು ಮೊದಲ ಸಲ ಹಾರಿದ ದಿನ ಅವಳು ಕಳವಾರದ ಬೆಟ್ಟದ ತನಕ ಹೋಗಿ ವಾಪಸ್ ಬರುತ್ತಿದ್ದಳು. ನಾನು ಶೆಡ್ಡಿನಲ್ಲಿ ರೇಡಿಯೋ ಮುಂದೆ ಕೂತಿದ್ದೆ.

"ಅಕ್ಕಾ, ಫ್ಲಾಪ್ ಇಳಿಸೋಕೆ ಹೋದೆ, ಮುಳ್ಳು ಕೆಂಪು ದಾಟ್ಬಿಡ್ತು. ವಾಪಸ್ ಎತ್ತಿದೀನಿ. ಏನ್ ಮಾಡ್ಲಿ?"

ಫ್ಲಾಪ್ ಎಂದರೆ ರೆಕ್ಕೆಯ ಹಿಂಬದಿಯ ಪಟ್ಟಿ. ಅದನ್ನು ಇಳಿಸಿದರೆ ವಿಮಾನ ನಿಧಾನವಾಗುತ್ತದೆ, ಆದರೆ ರೆಕ್ಕೆಗೆ ಶ್ರಮ. ಇಳಿಸದೆ ಬಂದರೆ ನಮ್ಮ ಪುಟ್ಟ ರನ್‌ವೇ ಸಾಲದು, ಕೊನೆಯಲ್ಲಿ ಬಂಡೆಗಳು. ಬೆಂಗಳೂರಿನ ಉದ್ದದ ರನ್‌ವೇಗೆ ಹೋಗು ಅನ್ನೋಣವೆಂದರೆ, ರೆಕ್ಕೆ ನಿಜಕ್ಕೂ ಸೋತಿದ್ದರೆ ಅಷ್ಟು ದೂರ ತಡೆಯುತ್ತದೆಯೇ?

"ಬೆಳಿಗ್ಗೆ ನಾನು ಚೆಕ್ ಮಾಡಿದ್ಮೇಲೆ ಯಾರಾದ್ರೂ ರೆಕ್ಕೆ ಮುಟ್ಟಿದ್ರಾ?" ಎಂದು ಶೆಡ್ಡು ಹಾರಿಹೋಗುವಂತೆ ಕಿರುಚಿದೆ.

ಹಿಂದೆ ನಿಂತಿದ್ದ ಶಿಡ್ಲಘಟ್ಟದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ನಾನೇ ಕಣಮ್ಮಾ. ರೆಕ್ಕೆ ಕಡೆ ಜಾಲರಿ ತುದಿ ಬಿಟ್ಟೋಗಿತ್ತು. ಮಗು ಒಬ್ಳೇ ಹೋಗ್ತಾಳೆ, ಹಿಂಗೆ ಬಿಡಬಾರ್ದು ಅಂತ ಬಿಗಿಯಾಗಿ ಕಟ್ಟಿ ಮುಚ್ಚಳ ಹಾಕ್ದೆ." ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು. "ಅಯ್ಯೋ, ಏಮಿ ಚೇಸ್ತಿನಿ ನೇನು" ಎಂದು, ಏನು ಮಾಡಿಬಿಟ್ಟೆನೋ ಎಂದು ಮನೆಯ ತೆಲುಗಿನಲ್ಲಿ ಗೋಳಾಡುತ್ತ ನೆಲಕ್ಕೆ ಕುಸಿದರು.

ಬಾಯಿಗೆ ಬಂದದ್ದನ್ನೆಲ್ಲ ಬೈದುಬಿಡುವಷ್ಟು ಸಿಟ್ಟು ಬಂತು. ಬೈಯಲು ಪುರಸೊತ್ತಿರಲಿಲ್ಲ. ಫ್ಲಾಪ್ ಇಳಿಸುವುದು ಕರೆಂಟಿನ ಮೋಟಾರು. ಆ ಕರೆಂಟೇ ಮುಳ್ಳನ್ನು ಕುಣಿಸಿರಬಹುದು. ಆದರೆ ಶೀಲ್ಡ್ ತಪ್ಪಾಗಿ ಕಟ್ಟಿದೆ ಎಂದ ಮಾತ್ರಕ್ಕೆ ರೆಕ್ಕೆ ಗಟ್ಟಿಯಿದೆ ಎಂದು ಹೇಳಲು ನಾನ್ಯಾರು? ಅದೇ ರೆಕ್ಕೆಯಲ್ಲಿ ಇಳಿಯುವಾಗ ಹಾಕುವ ದೊಡ್ಡ ದೀಪವಿತ್ತು. ದೀಪ ಹೊತ್ತಿದರೆ ರೆಕ್ಕೆಗೇನು ಭಾರ?

"ಲೈಟ್ ಹಾಕೇ," ಎಂದೆ. "ಫ್ಲಾಪ್ ಮುಟ್ಬೇಡ. ಬರೀ ಲೈಟು."

"ಹಗಲೊತ್ತಲ್ಲಿ ಲೈಟಾ?"

"ಹೇಳಿದಷ್ಟು ಮಾಡೇ!"

ರೇಡಿಯೋ ಗೊರಗೊರ ಎಂದಿತು. "ಮುಳ್ಳು ಹಾರ್ತು ಅಕ್ಕಾ! ಆರಿಸ್ದೆ, ಇಳೀತು. ಮತ್ತೆ ಹಾಕ್ದೆ, ಮತ್ತೆ ಹಾರ್ತು."

ಅಂದರೆ ಮೀಟರು ಸುಳ್ಳು ಹೇಳುತ್ತಿತ್ತು. ಅಷ್ಟೂ ಸುಳ್ಳೋ, ಅರ್ಧ ಸುಳ್ಳೋ?

"ಈಗ ಕೇಳು. ಲೈಟ್ ಆರ್ಸು, ಒಂದೇ ಹಂತ ಫ್ಲಾಪ್ ಇಳ್ಸು. ಮೋಟಾರ್ ಓಡೋವಾಗ ಮುಳ್ಳು ಕೆಂಪಿಗೆ ಹೋಗತ್ತೆ, ಹೆದರ್ಬೇಡ. ಮೋಟಾರ್ ನಿಂತ ತಕ್ಷಣ ವಾಪಸ್ ಬರ್ಬೇಕು. ಯಾಕಂದ್ರೆ ಮೋಟಾರ್ ನಿಂತ್ರೂ ಫ್ಲಾಪ್ ಕೆಳಗೇ ಇರತ್ತೆ. ಭಾರ ನಿಜ ಆಗಿದ್ರೆ ಮುಳ್ಳು ಅಲ್ಲೇ ನಿಲ್ಲತ್ತೆ. ಹಂಗೆ ನಿಂತ್ರೆ ಫ್ಲಾಪ್ ಎತ್ತಿಬಿಡು."

"ನೀನು ಹೇಳಿದೆ ಅಂತ ಇಳಿಸ್ತಿದೀನಿ ಅಕ್ಕ" ಎಂದಳು.

ಶಿಡ್ಲಘಟ್ಟದ ಅಕ್ಕ ನನ್ನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಲಿಲ್ಲ. ಹಾಳಾದ್ದು ರೇಡಿಯೋ, ಮಾತಾಡಬಾರದೇ!

"ವಾಪಸ್ ಬಂತು," ಎಂದಳು. ಹಂತಹಂತವಾಗಿ ಉಳಿದ ಫ್ಲಾಪನ್ನೂ ಇಳಿಸಿ, ಧೂಳೆಬ್ಬಿಸಿಕೊಂಡು ಬಂದು ಬಂಡೆಗಳಿಗೆ ಬಹಳ ಮುಂಚೆಯೇ ನಿಲ್ಲಿಸಿದಳು. ಕೆಳಗಿಳಿದವಳ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಅವಳನ್ನು ಅಪ್ಪಿಕೊಂಡು, "ಕತ್ತೆ, ಜೀವ ತೆಗೆದುಬಿಟ್ಟಿದ್ದೆಯಲ್ಲೇ" ಎಂದು ಅವಳನ್ನೇ ಬೈದೆ.

ರೆಕ್ಕೆಯನ್ನೆಲ್ಲ ಬಿಚ್ಚಿ ನೋಡಿದೆವು. ಒಂದು ಗೀರೂ ಇರಲಿಲ್ಲ. ಮತ್ತೆ ಹಾರುವ ದಿನ ಶಿಡ್ಲಘಟ್ಟದ ಅಕ್ಕ ಮುಚ್ಚಳ ತೆಗೆದು ತಾವು ಕಟ್ಟಿದ ತುದಿಯನ್ನು ತಾವೇ ಬಿಡಿಸಿದರು. ಬಿಟ್ಟ ತುದಿಯ ಮೇಲೆ ಟೇಪು ಸುತ್ತಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾನೂ ಹತ್ಕೋತೀನಿ" ಎಂದರು.

"ತಲೆ ಕೆಟ್ಟಿದೆಯಾ ಅಕ್ಕ? ಬಸ್ಸಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗೋಷ್ಟ್ರಲ್ಲಿ ವಾಂತಿ ಮಾಡ್ಕೋತೀರ."

"ಮಾಡ್ಕೋತೀನಿ ಬಿಡು. ಈ ಸಲ ಅವಳೊಬ್ಬಳನ್ನೇ ಕಳಿಸಲ್ಲ."

ಪೈಲಟ್ ಹುಡುಗಿ ಪಕ್ಕದ ಬಾಗಿಲು ತೆರೆದಳು. ಈಗ ನನಗೆ ಎರಡು ಜೀವಗಳ ಭಯ. ರೇಡಿಯೋ ಮುಂದೆ ಉಗುರು ಕಚ್ಚುತ್ತ ಕೂತೆ. ಫ್ಲಾಪ್ ಇಳಿಸುವ ಹೊತ್ತಿಗೆ ಕೇಳಿಸಿದ್ದು ಹುಡುಗಿಯ ದನಿಯಲ್ಲ. ಶಿಡ್ಲಘಟ್ಟದ ಅಕ್ಕ ಹೇಳುತ್ತಿದ್ದರು:

"ಹಾರ್ಲಿಲ್ಲ ಕಣಮ್ಮಾ... ಮುಳ್ಳು ಹಾರ್ಲೇ ಇಲ್ಲ."