ಏಪ್ರನ್ ಕಿಸೆಯಲ್ಲಿ ಬಿಟ್ಟ ಲಿಂಗ

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನಾನು ಹೆದರುತ್ತಿದ್ದುದು ಎರಡಕ್ಕೆ. ಸಂಜೆಯ ರೈಲು ತಪ್ಪಿದರೆ ಎಂಬುದು ಒಂದು. ನಾನು ಖೋಖೋ ಆಡುತ್ತೇನೆಂದು ಅಣ್ಣಿಗೇರಿಯಲ್ಲಿ ಯಾರಿಗಾದರೂ ಗೊತ್ತಾದರೆ ಎಂಬುದು ಇನ್ನೊಂದು. ಮೂರನೆಯದೊಂದು ಬರಲಿದೆ ಎಂದು ಆಗ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಓಣಿಯಿಂದ ಹುಬ್ಬಳ್ಳಿಗೆ ಸೈನ್ಸ್ ಓದಲು ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ, ಮಾತು ಕಡಿಮೆ. ಕಾಲೇಜಿಗೆ ಹೆಸರು ಹಚ್ಚಿಸಿದ ದಿನ ಅಂದದ್ದು ಇಷ್ಟೇ: "ಅಭ್ಯಾಸಕ್ಕ ಹೊಂಟಿ, ಅಭ್ಯಾಸ ಮಾಡಿ ಬಾ. ಬ್ಯಾರೆ ಏನರ ನನ್ನ ಕಿವಿಗೆ ಬಿತ್ತಂದ್ರ ಅವತ್ತ ಮುಗೀತು." ಮುಗಿದರೆ ಮುಂದೇನು ಎಂದು ನಾನು ಕೇಳಬೇಕಾಗಿರಲಿಲ್ಲ. ನನ್ನ ವಾರಿಗೆಯವರೆಲ್ಲ ಆಗಲೇ ಗಂಡನ ಮನೆಯಲ್ಲಿದ್ದರು.

ಮುಂಜಾನೆ ಗಣಿತ, ಫಿಜಿಕ್ಸ್, ಕೆಮಿಸ್ಟ್ರಿ. ಬುತ್ತಿ ಉಂಡ ಮೇಲೆ ಮೂರೂವರೆಯವರೆಗೆ ಪ್ರ್ಯಾಕ್ಟಿಕಲ್. ಅಲ್ಲಿಂದ ಐದರವರೆಗೆ ಖೋಖೋ, ಆಮೇಲೆ ಸ್ಟೇಶನ್ನಿಗೆ ಓಟ. ಪ್ರ್ಯಾಕ್ಟಿಕಲ್ ಜರ್ನಲ್ಲನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟು ಬರೆಯುತ್ತಿದ್ದೆ. ನನ್ನ ಗ್ರಾಫುಗಳೆಲ್ಲ ನಡುಗುತ್ತಿದ್ದವು, ಅದು ರೈಲಿನ ತಪ್ಪೆಂದು ಸರ್ ನಂಬುತ್ತಿರಲಿಲ್ಲ. ಮನೆಯಲ್ಲಿ ಐದರವರೆಗೂ ಪ್ರ್ಯಾಕ್ಟಿಕಲ್ ಇರುತ್ತದೆ ಎಂದಿದ್ದೆ. ಅಪ್ಪನ ತಾಯಿ, ನಮ್ಮ ಆಯಿ, "ಇಷ್ಟ್ಯಾಕ ದುಡಸ್ತಾರವಾ ಹುಡುಗೂರನ್ನ" ಎಂದು ಮರುಗುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಆಟ ಬಿಡಲು ಆಗುತ್ತಿರಲಿಲ್ಲ. ಇಡೀ ದಿನದಲ್ಲಿ ಓಡುವಾಗ ಮಾತ್ರ ನನಗೆ ಹೆದರಿಕೆ ಇರುತ್ತಿರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಅದು ಶಿವದಾರದಲ್ಲಿ ಸದಾ ಕೊರಳಲ್ಲಿರಬೇಕು. ಮುಂಜಾನೆ ಸ್ನಾನ ಮಾಡಿ ಟಕ್ ಎಂದು ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನೂ ಹಾಕುವಂತಿಲ್ಲ. ಆಯಿಯ ತವರು ತಿರ್ಲಾಪುರದಲ್ಲಿ ಒಬ್ಬಾಕೆಯ ಲಿಂಗ ಬಾವಿಗೆ ಬಿದ್ದಿತ್ತಂತೆ. ಅದನ್ನು ಹುಡುಕಿ ತೆಗೆಯುವವರೆಗೆ ಆಕೆ ನಾಲ್ಕು ದಿನ ಹನಿ ನೀರು ಕುಡಿಯಲಿಲ್ಲವಂತೆ. ಸಣ್ಣವಳಿದ್ದಾಗ ಈ ಕಥೆ ಕೇಳಿ ನಾನು ಬಾವಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ.

ಖೋಖೋ ಮೇಡಂಗೆ ಇದೆಲ್ಲ ಬೇಕಿರಲಿಲ್ಲ. "ಕೊರಳಾಗ ಏನೂ ಇರಬಾರದು. ದಾರ ಸಿಕ್ಕೊಂಡ್ರ ಯಾರು ಜವಾಬ್ದಾರಿ?" ಎಂದುಬಿಟ್ಟರು. ಮೊದಲ ದಿನ ಶಿವದಾರ ತೆಗೆಯುವಾಗ ಮೂರು ಸಲ ತಪ್ಪಾಯಿತೆಂದು ಬೇಡಿಕೊಂಡೆ. ತಿಂಗಳು ಕಳೆದ ಮೇಲೆ ಬೇಡಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟು, ಆಟ ಮುಗಿದೊಡನೆ ಕಣ್ಣಿಗೊತ್ತಿಕೊಂಡು ಕಟ್ಟಿಕೊಳ್ಳುತ್ತಿದ್ದೆ.

ಆ ಶನಿವಾರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೈಟ್ರೇಶನ್ ಇತ್ತು. ಬ್ಯುರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಬಿಡಬೇಕಾದ ದ್ರಾವಣವನ್ನು ನಾನು ಮೈದಾನದ ಕಡೆ ಕಣ್ಣಿಟ್ಟು ಸುರಿದೆ, ತೆಳು ಗುಲಾಬಿ ಬರಬೇಕಾದಲ್ಲಿ ಕಡು ಕೆಂಪು ಬಂತು. "ಮತ್ತೊಮ್ಮೆ ಮಾಡ್ರಿ" ಎಂದರು ಸರ್. ಮತ್ತೊಮ್ಮೆ ಮಾಡಿದೆ, ಇನ್ನೊಮ್ಮೆಯೂ ಮಾಡಿದೆ. ನಾಲ್ಕು ಗಂಟೆಯಾಗಿ ಹೋಯಿತು. ಹೊರಗೆ ಮೇಡಂ ಸೀಟಿ ಊದುತ್ತಿದ್ದರು. ಬಾಗಿಲಲ್ಲೇ ಶಿವದಾರ ತೆಗೆದು ಏಪ್ರನ್ ಕಿಸೆಗೆ ಹಾಕಿ, ಏಪ್ರನ್ನನ್ನು ಮೊಳೆಗೆ ಸಿಕ್ಕಿಸಿ ಓಡಿದೆ. ಚೆನ್ನಾಗಿ ಆಡಿದೆನೆಂದು ನೆನಪು. ರೈಲು ಹತ್ತಿ ಕುಳಿತು, ಬೆವರು ಒರೆಸಿಕೊಳ್ಳಲು ಕೊರಳಿಗೆ ಕೈ ಹಾಕಿದಾಗ ಅಲ್ಲಿ ಏನೂ ಇರಲಿಲ್ಲ.

ಎದ್ದು ನಿಂತೆ. ರೈಲು ಊರು ದಾಟಿತ್ತು. ಲ್ಯಾಬಿಗೆ ಬೀಗ ಬಿದ್ದಿರುತ್ತದೆ, ಮರುದಿನ ಆದಿತ್ಯವಾರ. ಸೋಮವಾರದವರೆಗೆ ನಾನು ಲಿಂಗವಿಲ್ಲದವಳು. ಮತ್ತೆ ಕುಳಿತೆ. ಲಿಂಗ ಕಳೆದದ್ದು ಗೊತ್ತಾದರೆ ಎಲ್ಲಿ, ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಆಟ ಹೊರಬೀಳುತ್ತದೆ. ಅವತ್ತಿಗೆ ಕಾಲೇಜು ಮುಗಿಯುತ್ತದೆ.

ಮುಟ್ಟಾಗಿದೆ ಎಂದು ಹೇಳಿ ಪೂಜೆಯಿಂದ ದೂರ ಉಳಿಯುವ ದಾರಿಯೂ ನನಗಿರಲಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎನ್ನುವುದರಲ್ಲಿ ಆಯಿ ಬಲು ಗಟ್ಟಿ. ಆದಿತ್ಯವಾರ ಮುಂಜಾನೆ ಹಳೆಯ ದಾರವೊಂದನ್ನು ಕೊರಳಿಗೆ ಹಾಕಿ ಸೆರಗು ಹೊದ್ದುಕೊಂಡೆ. ಹುಡುಗರು ಆಡುವ ಗಜ್ಜುಗದ ಕಾಯಿಯೊಂದನ್ನು ಮುಷ್ಟಿಯಲ್ಲಿ ಹಿಡಿದು ಆಯಿಯ ಪಕ್ಕ ಕುಳಿತೆ. ಅವಳ ಕಣ್ಣಿಗೆ ಪೊರೆ ಬಂದಿತ್ತು, ಅದೇ ನನ್ನ ಧೈರ್ಯ. ಗಜ್ಜುಗದ ಮೇಲೆ ವಿಭೂತಿ ಹಚ್ಚಿದೆ, ಹೂ ಏರಿಸಿದೆ. ತುಟಿ ಅಲುಗಾಡಿಸಿದೆನೇ ಹೊರತು ಮಂತ್ರ ಬರಲಿಲ್ಲ. ಅವ್ವ ರೊಟ್ಟಿ ಬಡಿಸಿದಳು. ಅಪ್ಪ ಎದುರಿಗೇ ಇದ್ದ, ಉಣ್ಣದೆ ವಿಧಿಯಿರಲಿಲ್ಲ. ಉಂಡೆ.

ಆಯಿ ಮಾತ್ರ ತಟ್ಟೆ ಸರಿಸಿದಳು. "ಯಾಕೋ ಹೊಟ್ಟಿ ಸರಿ ಇಲ್ಲ, ಒಲ್ಲೆ."

ನನ್ನ ಪಾಪ ಆಯಿಗೆ ತಟ್ಟಿತೆಂದು ನನಗೆ ಖಾತ್ರಿಯಾಯಿತು. ರಾತ್ರಿಯೂ ಅವಳು ಉಣ್ಣಲಿಲ್ಲ. ಸೋಮವಾರ ನಸುಕಿನಲ್ಲಿ ನಾನು ಮತ್ತೆ ಗಜ್ಜುಗಕ್ಕೆ ಹೂ ಏರಿಸುವಾಗ ಗೋಡೆಗೆ ಒರಗಿ ಕುಳಿತಿದ್ದಳು, ಮುಖ ಬಾಡಿತ್ತು. ಎಪ್ಪತ್ತು ದಾಟಿದ ಜೀವ. ನಾನು ಬರುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ ಎಂದು ರೈಲಿನುದ್ದಕ್ಕೂ ಅಳುತ್ತಲೇ ಹೋದೆ.

ಲ್ಯಾಬಿನ ಮೊಳೆಯ ಮೇಲೆ ಏಪ್ರನ್ ಇತ್ತು. ಕಿಸೆ ಬರಿದಾಗಿತ್ತು. ಎಷ್ಟು ಸಲ ಕೈ ಹಾಕಿ ನೋಡಿದೆನೋ ಗೊತ್ತಿಲ್ಲ. ಹಿಂದಿನಿಂದ ಲ್ಯಾಬಿನ ಮುದಿ ಜವಾನ ಕರೆದ.

"ತಂಗಿ, ಅದು ನಿಂದೇನು?"

ಆಸಿಡ್ ಬಾಟಲಿಗಳಿದ್ದ ಕಪಾಟಿನ ಮೇಲಿನ ಹಲಗೆಯಲ್ಲಿ, ತೊಳೆದ ಗಾಜಿನ ಬಟ್ಟಲಿನಲ್ಲಿ ನನ್ನ ಕರಡಿಗೆ ಇತ್ತು. ಎರಡು ದಾಸವಾಳದ ಹೂವೂ ಇದ್ದವು.

"ಏಪ್ರನ್ ಒಗಿಯಾಕ ಕೊಡೂಣು ಅಂತ ತಗದ್ರ ಕೈಗೆ ಸಿಕ್ತು. ನಿನ್ನಿ ಸೂಟಿ ಇದ್ರೂ ಬಂದು ನೀರ ಹಾಕಿ ಹೋದೆ. ಭಟ್ಟಿ ಇಳಿಸಿದ ನೀರವಾ, ಅದಕ್ಕಿಂತ ಸ್ವಚ್ಛ ನೀರು ಎಲ್ಲಿ ಸಿಗತೈತಿ?" ಎಂದ. ನಾನು ಅವನ ಕಾಲು ಮುಟ್ಟಲು ಹೋದರೆ ಹಿಂದೆ ಸರಿದ.

ಮೂರೂವರೆಗೆ ಸೀಟಿ ಕೇಳಿಸಿತು. ಮೈದಾನಕ್ಕೆ ಹೋಗಲಿಲ್ಲ. ಸ್ಟೇಶನ್ನಿನ ಕಲ್ಲು ಬೆಂಚಿನ ಮೇಲೆ ಕೊರಳಲ್ಲಿದ್ದ ಕರಡಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ರೈಲಿಗೆ ಕಾದೆ.

ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. "ನಿಮ್ಮ ಆಯಿ ಇವತ್ತೂ ಏನೂ ತಿಂದಿಲ್ಲ ನೋಡು" ಎಂದಳು ಅವ್ವ ಒಲೆಯ ಮುಂದಿನಿಂದ. ಒಳಕೋಣೆಯಲ್ಲಿ ಆಯಿ ಮಲಗಿದ್ದಳು. ಅವಳ ಕಾಲ ಹತ್ತಿರ ಕುಳಿತೆ.

"ಆಯಿ, ನಾ ತಪ್ಪು ಮಾಡೇನಿ ಬೇ. ಅದಕ್ಕ ನಿನಗ ಹಿಂಗಾಗೇತಿ."

ಖೋಖೋ, ಏಪ್ರನ್, ಗಜ್ಜುಗ, ಎಲ್ಲ ಹೇಳಿದೆ. ಅವಳು ಮೆಲ್ಲಗೆ ಎದ್ದು ಕುಳಿತಳು.

"ಲಿಂಗ ಸಿಕ್ತಿಲ್ಲೋ?"

"ಸಿಕ್ಕೇತಿ."

"ಮೊದಲ ಅದನ್ನ ಹೇಳಬಾರದ? ಕೊರಳಾಗ ಇಲ್ಲ ಅನ್ನೂದು ನಿನ್ನಿ ಮುಂಜಾನಿನ ಗೊತ್ತಾತು. ಪೊರಿ ಬಂದಿದ್ದು ಕಣ್ಣಿಗೆ, ಕಿವಿಗಲ್ಲ. ಕರಡಿಗಿ ಟಕ್ ಅನ್ನಲಿಲ್ಲ."

"ಮತ್ತ ಯಾಕ ಸುಮ್ಮನಿದ್ದಿ ಬೇ?"

"ನಿಮ್ಮಪ್ಪ ಅಲ್ಲೇ ಇದ್ದನಲ್ಲ."

"ಹೊಟ್ಟಿ ಸರಿ ಇಲ್ಲ ಅಂದಿ?"

"ಹೊಟ್ಟಿಗೇನಾಗೇತಿ, ಅಗದಿ ಛಲೋ ಐತಿ. ಲಿಂಗ ಇಲ್ಲದ ನೀ ಉಂಡಿ. ಮನ್ಯಾಗ ಒಬ್ಬರರ ಉಪಾಸ ಇರಬೇಕಲ್ಲ."

ಎರಡು ದಿನ ನನ್ನ ಕಣ್ಣೆದುರಿಗೇ ಅವಳು ನನ್ನ ಹಸಿವನ್ನು ಹಸಿದಿದ್ದಳು. ನಾನು ಪಕ್ಕದಲ್ಲಿ ಕುಳಿತು ರೊಟ್ಟಿ ಉಂಡಿದ್ದೆ.

"ಓಡೂದಾದ್ರ ಓಡು, ನಾ ಬ್ಯಾಡ ಅನ್ನಂಗಿಲ್ಲ. ಕೊರಳಾಗ ಬಿಗಿ ಕಟಗೊಂಡು ಓಡು. ನಿಮ್ಮ ಖೋಖೋ ಬಾಯಾರು ಒಲ್ಲೆ ಅಂದ್ರ ಆಟ ಬಿಟ್ಟು ಬಾ. ನಿಮ್ಮಪ್ಪಗ ನಾ ಹೇಳಂಗಿಲ್ಲ, ನೀ ಹೇಳಬೇಕು" ಎಂದಳು.

ಅವ್ವ ತಟ್ಟೆ ತಂದಿಟ್ಟಳು. ಆಯಿ ಮುಟ್ಟಲಿಲ್ಲ.

"ಹೋಗು, ಮೈ ತೊಳಕೊಂಡು ಬಾ. ಬಂದು ಇಲ್ಲೇ ನನ್ನ ಬಾಜುಕ ಕುಂತು ಪೂಜಿ ಮಾಡು."

ಸ್ನಾನ ಮಾಡಿ ಬಂದು ಕುಳಿತೆ. ಆಯಿ ಕಣ್ಣು ಮುಚ್ಚಿ, ಕಿವಿಯನ್ನು ನನ್ನ ಕಡೆ ಮಾಡಿದಳು. ಕರಡಿಗೆಯ ಮುಚ್ಚಳ ತೆಗೆದೆ. ಟಕ್ ಎಂದಿತು.

ಆಯಿ ರೊಟ್ಟಿ ಮುರಿದಳು.