ಸಿಂಬಿ ಮೇಲಿನ ಬಾಂಡ್ಲಿ

ಕುಮಾಸಿ ಪಟ್ಟಣದ ಸಂತೆಯಲ್ಲಿ ಈಗ ಈರುಳ್ಳಿ ಮೇಮುನಾ ಅಂದರೆ ಗೊತ್ತಿಲ್ಲದವರಿಲ್ಲ. ಅವಳ ಬಾಯಿಗೆ ಪೊಲೀಸಿನವರೂ ಹೆದರುತ್ತಾರೆ. ಆದರೆ ಉತ್ತರದ ಹಳ್ಳಿಯಿಂದ ಬಂದು ಬಸ್ಸಿಳಿದ ಮೊದಲ ಬೆಳಿಗ್ಗೆ ಅವಳನ್ನು ನೋಡಬೇಕಿತ್ತು! ಇಷ್ಟು ಜನ ಒಂದೇ ಕಡೆ ಸೇರಿದ್ದಾರೆಂದರೆ ಏನೋ ಅನಾಹುತವೇ ಆಗಿರಬೇಕು ಅಂದುಕೊಂಡಿದ್ದಳು. ಒಣಮೀನಿನ ವಾಸನೆ, ಮೆಣಸಿನಪುಡಿಯ ಘಾಟು, ಕೂಗಾಟ. ಎಲ್ಲಿ ನಿಂತರೂ ಯಾರಿಗೋ ಅಡ್ಡ.

ತನ್ನ ಮದುವೆಗೆ ಪಾತ್ರೆಪಡಗ ಕೊಳ್ಳಬೇಕು ಅಂತ ಹೊರೆ ಹೊರಲು ಬಂದವಳು ಅವಳು. ಬೆಂಡೆಕಾಯಿ ಮಾರುವ ಅಸಾನಾ ಅವಳ ಊರ ಕಡೆಯವಳೇ. ತಲೆಗೆ ಸಿಂಬಿ ಸುತ್ತಿಕೊಟ್ಟು, ಕೈಗೊಂದು ಬಾಂಡ್ಲಿ ಕೊಟ್ಟು ಹೇಳಿದಳು: "ಗಿರಾಕಿ ಬೆನ್ನು ಬಿಡಬೇಡ ಕಣೇ. ಸಾಮಾನು ಸಮೇತ ತಪ್ಪಿಸ್ಕೊಂಡ್ಯೋ, ಕಳ್ಳಿ ಅಂತಾರೆ. ಆಮೇಲೆ ನಿನ್ನ ತಲೆ ಮೇಲೆ ಯಾರೂ ಒಂದು ಈರುಳ್ಳಿನೂ ಇಡಲ್ಲ."

ಮೊದಲ ಗಿರಾಕಿ ದುಫಿಯೆ ಎಂಬ ದಪ್ಪನೆಯ ಹೆಂಗಸು. ಅಸಾನಾಳ ಅಂಗಡಿ ಮುಂದೆಯೇ ಬಾಂಡ್ಲಿಗೆ ಅಕ್ಕಿ, ಗೆಣಸು, ಸುಟ್ಟ ಮೀನು ತುಂಬಿ ಹೊರಿಸಿ ಹೊರಟಳು. ಅವಳ ಭಾಷೆ ಮೇಮುನಾಗೆ ಬಾರದು. ಕೆಂಪು-ಕಪ್ಪು ಬಟ್ಟೆಯನ್ನೇ ಗುರುತಿಟ್ಟುಕೊಂಡು ಹಿಂದೆ ನಡೆದಳು. ನಾಲ್ಕು ತಿರುವು ದಾಟಿದ ಮೇಲೆ ಆ ಬಟ್ಟೆಯವಳು ತಿರುಗಿ ನೋಡಿದಳು. ಅಯ್ಯೋ ದೇವರೇ, ಬೇರೆ ಯಾರೋ! ಅವತ್ತು ಶನಿವಾರ. ಅಲ್ಲಿ ಸತ್ತವರ ಕಾರ್ಯವೆಲ್ಲ ಶನಿವಾರವೇ, ಅವತ್ತು ಅರ್ಧ ಊರೇ ಕೆಂಪು-ಕಪ್ಪು ಉಟ್ಟಿರುತ್ತದೆ ಅಂತ ಈ ಪಾಪದವಳಿಗೆ ಹೇಳಿದವರಾರು?

ಅಸಾನಾ, ಅಸಾನಾ ಅಂತ ಕಂಡವರನ್ನೆಲ್ಲ ಕೇಳಿ ಕೇಳಿ ಅವಳ ಅಂಗಡಿಗೇ ವಾಪಸ್ಸು ಬಂದು ನಿಂತಳು. ಬಿಸಿಲು ನೆತ್ತಿಗೆ ಬಂತು.

"ಇಳಿಸೋಣ ಬಾರೇ, ಕತ್ತು ಮುರ್ಕೋತೀಯ!"

"ಬೇಡಕ್ಕ. ಮೇಲಿದ್ರೆ ಅವರಿಗೆ ದೂರದಿಂದ್ಲೇ ಕಾಣುತ್ತೆ."

"ಹಟಮಾರಿ ಮುಂಡೇದು!"

"ಕತ್ತು ಮುರಿದ್ರೆ ಮುರೀಲಿ. ಕಳ್ಳಿ ಅನ್ನಿಸ್ಕೊಳ್ಳಲ್ಲ."

ಸಂತೆಯೆಲ್ಲ ಸುತ್ತಿ ಸುಸ್ತಾದ ದುಫಿಯೆ ಕೊನೆಗೆ ಅಸಾನಾಳ ಮೇಲೇ ಜಗಳಕ್ಕೆ ಬಂದಳು. "ಎಲ್ಲೇ ಆ ಕಳ್ಳಿ? ನಿಮ್ಮೂರಿನವಳನ್ನ ನಂಬಿ ಕೆಟ್ಟೆ! ಮನೇಲಿ ಒಲೆ ಹಚ್ಚಿಲ್ಲ, ನೆಂಟರು ಕೂತಿದ್ದಾರೆ!"

"ಬಾಯಿ ಮುಚ್ಚಮ್ಮ ಸಾಕು! ತಲೆ ಎತ್ತಿ ನೋಡು. ನಿನಗೆ ಕಾಣ್ಲಿ ಅಂತ ಆಗಿನಿಂದ ಇಳಿಸದೆ ನಿಂತಿದೆ ಈ ಕೂಸು."

ದುಫಿಯೆ ನೋಡಿದಳು. ಮೇಮುನಾ ಕೂಡ ಆಗಲೇ ಮೊದಲ ಸಲ ಅವಳ ಮುಖ ಸರಿಯಾಗಿ ನೋಡಿದ್ದು; ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದವು. ಇಬ್ಬರು ಹೆಂಗಸರೂ ಸೇರಿ ಬಾಂಡ್ಲಿ ಇಳಿಸಿದರು. ಹುಡುಗಿಯ ಕತ್ತು ತಿರುಗಲೊಲ್ಲದು. ದುಫಿಯೆ ಎರಡೂ ಕೈಯಿಂದ ಅದನ್ನು ಮೆಲ್ಲಗೆ ಉಜ್ಜುತ್ತಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು.

"ಬೈತಿದ್ದಾರಾ ಅಕ್ಕ?"

"ಇಲ್ಲ ಕಣೇ," ಅಂದಳು ಅಸಾನಾ. "ಇವತ್ತು ಅವರಮ್ಮನ ಕಾರ್ಯವಂತೆ. 'ನಮ್ಮವ್ವ ಇದ್ದಿದ್ರೆ ನನಗೇ ಬೈತಿದ್ಲು, ಮಗೂನ ಇಷ್ಟು ಹೊತ್ತು ನಿಲ್ಲಿಸಿದ್ಯಾ ಅಂತ' ಅಂತಿದ್ದಾರೆ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದೆ ನಿಂತಿದ್ದ ಮೇಮುನಾ, ಆ ಪರಭಾಷೆಯವಳ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.