ಹುಬ್ಬಳ್ಳಿ ಗಾಡಿಯ ಅಭಿಪ್ರಾಯದ ವಹಿ

ಬೆಳಗಿನ ಗಾಡಿ ಹುಬ್ಬಳ್ಳಿ ಬಿಟ್ಟು ಧಾರವಾಡ ಮುಟ್ಟುವಷ್ಟರಲ್ಲಿ ಕಾಲೇಜು ಹುಡುಗರಾದ ನಾವು ಕನಿಷ್ಠ ಇಬ್ಬರು ಪ್ರೊಫೆಸರರ ಹಣೆಬರಹ ಬರೆದು ಮುಗಿಸುತ್ತಿದ್ದೆವು. ಬರೆಯುವವನು ನಾನು. ನನ್ನ ಅಕ್ಷರ ಮುದ್ದಾಗಿದೆ ಎಂದು ಹೊಗಳಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು, ಈ ವಯಸ್ಸಿನಲ್ಲೂ ಹೋಗಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ವರ್ಷಗಳು ಅವು. ಕೇಶ್ವಾಪುರದ ಮನೆಯಿಂದ ಸ್ಟೇಷನ್ನಿನವರೆಗೆ ಓಡಿ, ಹೊರಟ ಗಾಡಿಯನ್ನೇ ಎಷ್ಟೋ ಸಲ ಹತ್ತಿ, ಏದುಸಿರು ಬಿಡುತ್ತಾ ಕೂತ ಕೂಡಲೇ ಯಾರಾದರೂ ಕೇಳುತ್ತಿದ್ದರು: "ವಹಿ ತಂದೀಯಿಲ್ಲೋ?" ವಹಿ ಎಂದರೆ ಅಭಿಪ್ರಾಯದ ವಹಿ, ಪ್ರೊಫೆಸರರ ಬಗ್ಗೆ ನಮಗನಿಸಿದ್ದನ್ನು ಬರೆದಿಡುವ ನೋಟುಬುಕ್ಕು. ಸಾಯನ್ಸ್ ಹುಡುಗರಾದ್ದರಿಂದ ಅದರಲ್ಲೂ ಪ್ರಯೋಗಶಾಲೆಯ ಜರ್ನಲ್ಲಿನಂತೆ ಮೂರು ಕಾಲಮ್ಮು ಹಾಕಿದ್ದೆವು: ಪ್ರಯೋಗ, ನೋಟ, ತೀರ್ಮಾನ. ಗೊತ್ತಿಲ್ಲದ ಒಂದು ಪುಡಿಯನ್ನು ಕೈಗೆ ಕೊಟ್ಟು ಇದೇನು ಕಂಡುಹಿಡಿಯಿರಿ ಎನ್ನುತ್ತಿದ್ದರಲ್ಲ, ಅದೇ ರೀತಿಯಲ್ಲಿ ನಾವು ಪ್ರೊಫೆಸರರನ್ನು ಪರೀಕ್ಷಿಸಿ ಗುರುತಿಸುತ್ತಿದ್ದೆವು. ಕಾಲೇಜಿನಲ್ಲಿ ಯಾರಿಗೂ ಸಂಶಯ ಬರಬಾರದೆಂದು ಆ ವಹಿಗೆ ನನ್ನ ಜರ್ನಲ್ಲಿಗೆ ಹಾಕಿದ್ದಂಥದೇ ಕಂದು ಕಾಗದ ಹಾಕಿ, ಮೇಲೆ 'ಕೆಮಿಸ್ಟ್ರಿ ಜರ್ನಲ್' ಎಂದು ಚೀಟಿ ಅಂಟಿಸಿ, ನನ್ನ ಹೆಸರನ್ನೂ ಬರೆದಿದ್ದೆ. ಈ ಜಾಣತನ ನನ್ನದೇ. ಅದಕ್ಕೂ ಆಗ ಬೆನ್ನು ತಟ್ಟಿಸಿಕೊಂಡಿದ್ದೆ.

ಗಣಿತದವರಿಗೆ ವಹಿಯಲ್ಲಿ ಅರ್ಧ ಪುಟ, ಇಂಗ್ಲಿಷಿನವರಿಗೆ ಒಂದು ಪುಟ. ಆರ್ಗ್ಯಾನಿಕ್ ಕೆಮಿಸ್ಟ್ರಿಯವರಿಗೆ ಹನ್ನೊಂದು ಪುಟ.

ಅವರು ಧಾರವಾಡದವರೇ. ತಲೆಗೆ ರುಮಾಲು, ಮೈಗೆ ಕರಿಯ ಉಣ್ಣೆಯ ಕೋಟು, ತೋಳಿನಲ್ಲಿ ಆಸಿಡ್ಡು ತಿಂದ ತೂತುಗಳು. ನಗುವುದನ್ನು ಯಾರೂ ಕಂಡಿರಲಿಲ್ಲ. ಅಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ನಮ್ಮ ಪ್ರಾಣ ತೆಗೆಯುತ್ತಿದ್ದುದು ಅವರ ವಾಸನೆಯ ಪ್ರಶ್ನೆ. ಎಸ್ಟರುಗಳೆಂಬ ದ್ರವಗಳಿವೆ, ಹಣ್ಣಿನಂತೆ ಘಮಘಮಿಸುತ್ತವೆ. ಬಾಟಲಿಯನ್ನು ಒಬ್ಬನ ಮೂಗಿನ ಬಳಿ ಹಿಡಿದು ಶುರುಮಾಡುತ್ತಿದ್ದರು.

"ಏನು ವಾಸನಿ ಬಂತು, ಹೇಳ್ರಿ?"

"ಫ್ರೂಟಿ ಓಡರ್, ಸರ್."

"ಅದು ಪುಸ್ತಕದಾಗ ಅದ. ನಿಮ್ಮ ಮೂಗಿನಾಗ ಏನದ, ಅದನ್ನ ಹೇಳ್ರಿ."

"ಛಲೋ ವಾಸನಿ ಅದ, ಸರ್."

"ಛಲೋ ಅಂದ್ರ? ಎಂಥಾ ಛಲೋ?"

ಹೀಗೆ ಹತ್ತು ನಿಮಿಷ. ಹುಡುಗ ಬೆವರುತ್ತಿದ್ದ, ಉಳಿದವರು ತಲೆ ತಗ್ಗಿಸಿ ಕಿಸಕ್ಕೆನ್ನುತ್ತಿದ್ದರು. ಒಂದು ದಿನ ಉಪ್ಪಿನಬೆಟಗೇರಿಯ ಒಕ್ಕಲಮನೆಯ ಹುಡುಗನ ಪಾಳಿ ಬಂತು. ಅವನು ಮೂಸಿ, ಕಣ್ಣು ಮುಚ್ಚಿ, "ನಮ್ಮ ಆಯಿ ಕೋಣ್ಯಾಗ ಬಾಳಿಕಾಯಿ ಹುಲ್ಲಾಗ ಮುಚ್ಚಿ ಇಟ್ಟಿರ್ತಾಳ್ರಿ. ನಾಕನೇ ದಿನಕ್ಕ ಬಾಗಲಾ ತಗದ್ರ ಹಿಂಗ ಬರ್ತೈತ್ರಿ" ಎಂದ. ಕ್ಲಾಸು ಹೋ ಎಂದು ನಕ್ಕಿತು. ಪ್ರೊಫೆಸರರು ಕಿಟಕಿಯ ಕಡೆ ನೋಡುತ್ತಾ, "ಹುಲ್ಲು ಹಸೀದೋ, ಒಣಗಿದ್ದೋ?" ಎಂದು ಕೇಳಿದರು. "ಒಣಾದ್ರಿ." "ಎಲ್ಲಾರೂ ಬರ್ಕೋರಿ" ಎಂದು ಹೇಳಿ, ಕಿಸೆಯಿಂದ ಸಣ್ಣ ನೋಟುಬುಕ್ಕು ತೆಗೆದು ತಾವೂ ಬರೆದುಕೊಂಡರು.

ಅಂದು ಸಂಜೆಯ ಗಾಡಿಯಲ್ಲಿ ಕೋರ್ಟು ಕೂತಿತು. ನಮ್ಮಲ್ಲೆಲ್ಲ ಉದ್ದನೆಯವನೊಬ್ಬನಿದ್ದ, ಅವನಿಗೆ ಸಿಟ್ಟು. "ಹಳ್ಳಿ ಹುಡುಗೂರು ಅಂದ್ರ ಆ ಮನಶ್ಯಾಗ ಚೇಷ್ಟಿ. ಬರಿ, ಹೃದಯದ ಜಾಗಾದಾಗ ಕಲ್ಲು ಐತಿ ಅಂತ ಬರಿ." ಹುಬ್ಬಳ್ಳಿಯ ಪಾದ್ರಿಯವರ ಮಗ ಸೌಮ್ಯ ಹುಡುಗ, ಅವನು, "ಚೇಷ್ಟಿ ಇರಲಿಕ್ಕಿಲ್ಲೋ, ಬರೇ ಜಂಬ ಇದ್ದೀತು" ಎಂದ. ಎರಡನ್ನೂ ಬರೆದೆ. ಅದರ ಕೆಳಗೆ ನನ್ನದೊಂದನ್ನು ಸೇರಿಸಿದೆ. ಆ ವಾರವೇ ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆ ಮಾಡುವಾಗ ನಳಿಕೆಯಿಂದ ಎಂಥ ಹೊಲಸು ನಾತ ಎದ್ದಿತೆಂದರೆ, ಜವಾನನೂ ಸೇರಿ ಎಲ್ಲರೂ ಮೂಗು ಹಿಡಿದು ಹೊರಗೆ ಓಡಿದ್ದೆವು. ಪ್ರೊಫೆಸರರು ಒಬ್ಬರೇ ಒಳಗೆ ನಿಂತು, ಹುಬ್ಬು ಕೂಡ ಗಂಟಿಕ್ಕದೆ, "ಯಾಕ ಓಡಿದ್ರಿ? ಬರ್ರಿ" ಎಂದು ಕರೆದಿದ್ದರು. ನಾನು ಬರೆದೆ: 'ನೋಟ: ಎಂಥ ದುರ್ನಾತಕ್ಕೂ ಮುಖ ಕಿವುಚುವುದಿಲ್ಲ. ತೀರ್ಮಾನ: ಇವರು ಮನುಷ್ಯರಲ್ಲ.' ಗಾಡಿಯ ಇಡೀ ಡಬ್ಬಿ ಚಪ್ಪಾಳೆ ತಟ್ಟಿತು. ಅದಕ್ಕಿಂತ ಒಳ್ಳೆಯ ಸಾಲು ನಾನು ಬರೆದಿಲ್ಲ ಎಂದು ನನಗೂ ಅನಿಸಿತ್ತು.

ವಾರ್ಷಿಕ ಪರೀಕ್ಷೆಗೆ ಮುಂಚೆ ಜರ್ನಲ್ಲಿಗೆ ಪ್ರೊಫೆಸರರ ಸಹಿ ಆಗಬೇಕಿತ್ತು. ಸಹಿ ಇಲ್ಲದವನಿಗೆ ಪ್ರಾಕ್ಟಿಕಲ್ ಪರೀಕ್ಷೆಯಿಲ್ಲ, ವರ್ಷ ಹೋದ ಹಾಗೆಯೇ. ನಮ್ಮಪ್ಪ ರೈಲ್ವೆ ಕಾರಖಾನೆಯಲ್ಲಿ ಕಬ್ಬಿಣ ಉಜ್ಜುವ ಕೆಲಸದಲ್ಲಿದ್ದವರು. "ಒಮ್ಮಿಗೇ ಪಾಸಾದ್ರ ಮುಂದ ಓದು. ಇಲ್ಲಂದ್ರ ಕಾನಸ ಹಿಡಿ" ಎಂದು ಮೊದಲೇ ಹೇಳಿದ್ದರು. ಕಾನಸ ಎಂದರೆ ಅರ. ಅಪ್ಪನ ಅಂಗೈ ನೋಡಿದವನಿಗೆ ಅದನ್ನು ಹಿಡಿಯುವ ಆಸೆ ಇರಲಿಲ್ಲ.

ಶನಿವಾರ ಜರ್ನಲ್ ಕೊಟ್ಟು ಬಂದೆ. ಗಾಡಿಯಲ್ಲಿ ಕೂತು, ವಹಿಯೆಂದು ಚೀಲದಿಂದ ತೆಗೆದು ಬಿಚ್ಚಿದರೆ ಜರ್ನಲ್ಲು! ಪ್ರೊಫೆಸರರಿಗೆ ಕೊಟ್ಟು ಬಂದದ್ದು ವಹಿ. ಉದ್ದನೆಯವನು ಕೆಮ್ಮಿ, "ಹ್ಯಾಂಗರ ಆಗ್ಲಿ, ಅಕ್ಷರ ಎಲ್ಲಾ ನಿನ್ನವ ಅದಾವ" ಎಂದ. ಅಷ್ಟು ಹೊತ್ತಿಗೆ ಹುಬ್ಬಳ್ಳಿ ಬಂತು. ಎಲ್ಲರೂ ಅಂದು ಬಹಳ ಲಗೂ ಇಳಿದುಹೋದರು. ಪಾದ್ರಿಯವರ ಮಗ ಮಾತ್ರ ನಿಂತು, ನನಗೋಸ್ಕರ ಪ್ರಾರ್ಥನೆ ಮಾಡುವುದಾಗಿ ಹೇಳಿದ. ಅದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಸೋಮವಾರ ಪ್ರೊಫೆಸರರು ಕರೆಸಿದರು. ಮೇಜಿನ ಮೇಲೆ ವಹಿ ಬಿಚ್ಚಿತ್ತು. ಹನ್ನೊಂದೂ ಪುಟಗಳಲ್ಲಿ ಕೆಂಪು ಮಸಿ. ತಮ್ಮ ಬಗೆಗಿನ ಅಭಿಪ್ರಾಯಗಳನ್ನು ಜರ್ನಲ್ ತಿದ್ದುವಂತೆ ಸಾಲುಸಾಲಾಗಿ ತಿದ್ದಿದ್ದರು! 'ಹೃದಯದ ಜಾಗದಲ್ಲಿ ಕಲ್ಲು' ಎಂಬುದರ ಎದುರಿಗೆ 'ನೋಟವೇ ಇಲ್ಲ, ತೀರ್ಮಾನ ಎಲ್ಲಿಂದ ಬಂತು?' ಎಂದಿತ್ತು. ಕೋಟಿನ ತೂತು ಹದಿನೇಳು ಎಂದದ್ದನ್ನು ಹೊಡೆದು ಹತ್ತೊಂಬತ್ತು ಮಾಡಿದ್ದರು. ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ಇದು ನಿಮ್ಮದೇನು?"

"ಹೌದ್ರಿ ಸರ್. ತಪ್ಪಾತ್ರಿ."

"ನೋಟ ಖರೇ ಅದ. ತೀರ್ಮಾನ ತಪ್ಪದ. ಒಂದ ನೋಟಕ್ಕ ತೀರ್ಮಾನ ಬರೀಬಾರದು, ಖಾತ್ರಿ ಮಾಡ್ಕೊಳ್ಳಿಕ್ಕೆ ಇನ್ನೊಂದು ಪರೀಕ್ಷಾ ಮಾಡಬೇಕು ಅಂತ ವರ್ಷಾನುಗಟ್ಟಲೆ ಕಲಿಸೇನಿ. ಒಯ್ರಿ ಇದನ್ನ. ಶನಿವಾರದೊಳಗ ಖಾತ್ರಿ ಪರೀಕ್ಷಾ ಮಾಡಿ ತರ್ರಿ. ಸಹಿ ಮಾತು ಆಮ್ಯಾಲ."

ಬೈದಿದ್ದರೆ ಎಷ್ಟೋ ಸುಖವಿತ್ತು. ಒಬ್ಬ ಮನುಷ್ಯ ಮನುಷ್ಯನೇ ಎಂದು ಖಾತ್ರಿ ಮಾಡುವ ಪರೀಕ್ಷೆ ಯಾವುದು? ಮೂರು ದಿನ ಅವರನ್ನು ಕಣ್ಣೆವೆಯಿಕ್ಕದೆ ನೋಡಿದೆ. ಅವರು ನಡೆದರು, ಕಲಿಸಿದರು, ಕರವಸ್ತ್ರ ಮಡಚಿದರು. ಬರೆಯುವಂಥದು ಏನೂ ಸಿಗಲಿಲ್ಲ.

ಗುರುವಾರ ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಬೆಂಚಿಗೆ ಬೆನ್ನು ಕೊಟ್ಟು ಪಾಠ ಹೇಳುತ್ತಿದ್ದರು. ಹಿಂದೆ ಸ್ಪಿರಿಟ್ ದೀಪ ಉರಿಯುತ್ತಿತ್ತು. ಉಣ್ಣೆ ಸುಟ್ಟ ನಾತ ಮೊದಲು ನನ್ನ ಮೂಗಿಗೆ ಬಂತು, ಆಮೇಲೆ ಎಲ್ಲರ ಮೂಗಿಗೂ. ಹುಡುಗರು ತಮ್ಮತಮ್ಮ ತೋಳು, ಕೂದಲು ಮುಟ್ಟಿ ನೋಡಿಕೊಂಡರು. ಪ್ರೊಫೆಸರರು ನಿರಾತಂಕವಾಗಿ ಬೆಂಜೀನಿನ ಉಂಗುರದ ಬಗ್ಗೆ ಹೇಳುತ್ತಲೇ ಇದ್ದರು. ಅವರ ಕೋಟಿನ ಅಂಚಿನಿಂದ ಹೊಗೆ ಏಳುತ್ತಿತ್ತು!

"ಸರ್, ಕೋಟು!" ಎಂದು ಕಿರುಚಿ ಕೈಗೆ ಸಿಕ್ಕ ದೊಡ್ಡ ಬಾಟಲಿಯ ನೀರನ್ನೆಲ್ಲ ಅವರ ಮೇಲೆ ಸುರಿದೆ.

ಅವರು ತೊಯ್ದ ಕೋಟನ್ನು ಹಿಂಡಿಕೊಳ್ಳುತ್ತಾ, "ಡಿಸ್ಟಿಲ್ಡ್ ವಾಟರ್ ಯಾಕ ದಂಡ ಮಾಡಿದ್ರಿ? ನಳದ ನೀರು ಸಾಕಾಗ್ತಿತ್ತು" ಎಂದರು. ಆದರೆ ಹಾಗೆ ಹೇಳುವಾಗ ನನ್ನ ಮುಖ ನೋಡಿದರು. ನನಗೆ ಆಗ ಹೊಳೆಯಿತು. ಹೊಳೆದದ್ದೇ ತಡ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸಂಜೆ ಗಾಡಿಯಲ್ಲಿ, ಪಾಠದಲ್ಲಿ ಮುಳುಗಿದರೆ ಆ ಮನುಷ್ಯನಿಗೆ ಮೈಮೇಲೆ ಎಚ್ಚರವಿರುವುದಿಲ್ಲ ಎಂದು ಉದ್ದನೆಯವನು ಹೊಸ ಅಭಿಪ್ರಾಯ ಕೊಟ್ಟ. ಎಲ್ಲರೂ ಒಪ್ಪಿದರು. ನಾನು ವಹಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಶನಿವಾರ ವಹಿಯನ್ನು ಅವರ ಮುಂದಿಟ್ಟೆ. 'ಖಾತ್ರಿ ಪರೀಕ್ಷೆ: ಉಣ್ಣೆಯ ಕೋಟು ಸುಟ್ಟದ್ದು. ನೋಟ: ಇದ್ದವರಿಗೆಲ್ಲ ವಾಸನೆ ಬಂತು, ಒಬ್ಬರನ್ನು ಬಿಟ್ಟು.' ತೀರ್ಮಾನದ ಕಾಲಮ್ಮು ಖಾಲಿ.

"ಇದನ್ಯಾಕ ಬಿಟ್ಟೀರಿ?"

"ಬರದ್ರ ಗಾಡ್ಯಾಗ ಎಲ್ಲಾರೂ ಓದ್ತಾರ್ರಿ, ಸರ್."

ಪ್ರೊಫೆಸರರು ನಕ್ಕರು. ಅವರ ಹಲ್ಲು ನೋಡಿದ ಮೊದಲ ವಿದ್ಯಾರ್ಥಿ ನಾನೇ ಇದ್ದೇನು. ಆಮೇಲೆ ಕೂಡ್ರಿಸಿಕೊಂಡು ಹೇಳಿದರು. ಹಿಂದೆ ಒಮ್ಮೆ ಫ್ಲಾಸ್ಕು ಒಡೆದು ಹೊಗೆ ಮೂಗಿಗೆ ಹೊಕ್ಕಿತ್ತಂತೆ. ಅಂದಿನಿಂದ ಯಾವ ವಾಸನೆಯೂ ಇಲ್ಲ. "ನೀವು ಹೇಳೂದನ್ನ ಕೇಳಿದ್ರ ಅಷ್ಟಿಷ್ಟು ನೆನಪಾಗ್ತದ. ಆ ಬೆಟಗೇರಿ ಹುಡುಗ ಹುಲ್ಲಿನ್ಯಾಗಿನ ಬಾಳಿಹಣ್ಣು ಅಂದ್ನಲಾ, ಅವತ್ತು ನಿಜವಾಗಿ ಬಂದ್ಹಾಂಗಾತು." ಪುಸ್ತಕದ 'ಫ್ರೂಟಿ ಓಡರ್' ಅವರಿಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ನಾವು ಅದನ್ನು ಚೇಷ್ಟೆ ಎಂದು ಬರೆದಿದ್ದೆವು.

"ಈ ವಹಿ ನನ್ನ ಹತ್ರ ಇರಲಿ. ನನ್ನ ಬಗ್ಗೆ ಇಷ್ಟು ಯಾರೂ ಬರದಿಲ್ಲ" ಎಂದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಇನ್ನು ಸಹಿ ಮಾಡುತ್ತಾರೆಂದು ನಾನು ಜರ್ನಲ್ ಮುಂದೆ ಚಾಚಿದರೆ ಅವರು ಪೆನ್ನು ಎತ್ತಲೇ ಇಲ್ಲ.

"ನಿಮ್ಮ ಮನ್ಯಾಗ ಸಣ್ಣ ಕೂಸು ಅದ ಏನು?"

ಅಕ್ಕ ಬಾಣಂತನಕ್ಕೆ ಬಂದಿದ್ದಳು. ರಾತ್ರಿಯೆಲ್ಲ ಅತ್ತು ನನ್ನ ಓದು ಕೆಡಿಸುತ್ತಿದ್ದ ಎರಡು ತಿಂಗಳ ಅಳಿಯ ಮನೆಯಲ್ಲಿದ್ದ. ಹೇಳಿದೆ.

"ನನ್ನ ಮಗಳೂ ಬಂದಾಳ. ಮನಿಮಂದಿ ಎಲ್ಲಾ ಕೂಸಿನ ನೆತ್ತಿ ಮೂಸಿ ಆಹಾ ಅಂತಾರ. ಎಂಥಾ ವಾಸನಿ ಅಂತ ಕೇಳಿದ್ರ, ಛಲೋ ಅಂತಾರ. ಬರೇ ಛಲೋ ಅಂದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು. ಜರ್ನಲ್ಲು ತಿರುವಿ ನೋಡಿ, "ಜರ್ನಲ್ಲಿನ ಕಡೀ ಪುಟ ಖಾಲಿ ಅದ. ಇದೊಂದು ಪ್ರಯೋಗ ಮಾಡಿ ಬರದು ತರ್ರಿ" ಎಂದರು.

ಭಾನುವಾರ ಪೂರ್ತಿ ಅಳಿಯನ ನೆತ್ತಿ ಮೂಸಿದೆ. ನೀರು ಎರೆಯುವ ಮುಂಚೆ ಒಮ್ಮೆ, ಎರೆದ ಮೇಲೆ ಒಮ್ಮೆ, ನಿದ್ದೆಯಲ್ಲಿದ್ದಾಗ ಒಮ್ಮೆ. ಅಕ್ಕ ರೇಗಿದಳು: "ಏನೋ ತಮ್ಮಾ, ಎಷ್ಟು ಸಲ ಮೂಸ್ತಿ? ಕೂಸು ಎಚ್ಚರಾಗ್ತೈತಿ." ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಇದನ್ನೂ ಕಾಲೇಜಿನ್ಯಾಗ ಕಲಸ್ತಾರೇನು?" ಎಂದರು. "ಹೂಂ ಅಪ್ಪಾ, ಪರೀಕ್ಷಾಕ್ಕ ಬರ್ತೈತಿ" ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಜರ್ನಲ್ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಈ ವಾಸನೆ ಇಂಗ್ಲಿಷಿನಲ್ಲಿ ಬರಲೊಲ್ಲದು. ಕೊನೆಗೆ ಕನ್ನಡದಲ್ಲೇ ಬರೆದೆ: 'ಮೊದಲು ಎಣ್ಣೆ, ಆಮೇಲೆ ಲೋಬಾನದ ಹೊಗೆ. ಇವೆರಡೂ ಮೇಲಿನವು, ಕೂಸಿನವಲ್ಲ. ಇವನ್ನು ಕಳೆದರೆ ಉಳಿಯುವುದು, ಕಾಯಿಸಿ ಇಳಿಸಿದ ಹಾಲಿನ ಮುಚ್ಚಳ ತೆಗೆದಾಗಿನ ಮೊದಲ ಆವಿ. ಅದರ ಜೊತೆಗೆ, ಬಿಸಿಲಿಗೆ ಒಣಗಿದ ಹಳೆಯ ಮೆತ್ತನೆ ಧೋತರ. ಮೂಗು ಒತ್ತಿದರೆ ಕಡಿಮೆಯಾಗುತ್ತದೆ, ಎತ್ತಿದ ಕೂಡಲೇ ಮತ್ತೆ ಬೇಕೆನಿಸುತ್ತದೆ. ಪ್ರಯೋಗ ಮಾಡುವವನಿಗೆ ಸಿಟ್ಟು ಇದ್ದರೆ ಇಳಿಯುತ್ತದೆ.' ತೀರ್ಮಾನ ಏನು ಬರೆಯಬೇಕೋ ತಿಳಿಯದೆ ಅದನ್ನು ಖಾಲಿ ಬಿಟ್ಟೆ.

ಸೋಮವಾರ ಪ್ರೊಫೆಸರರು ಅದನ್ನು ನಿಂತೇ ಓದಿದರು. ಕೂತು ಮತ್ತೊಮ್ಮೆ ಓದಿದರು. ಜರ್ನಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಮನೀಗೆ ಒಯ್ತೀನಿ. ನೀವು ಪರೀಕ್ಷಾ ದಿವಸ ಬರ್ರಿ" ಎಂದು ಹೊರಟೇಬಿಟ್ಟರು. ಸಹಿಯ ಸುದ್ದಿಯೇ ಇಲ್ಲ.

ಪ್ರಾಕ್ಟಿಕಲ್ಲಿನ ದಿನ ಬಾಗಿಲಲ್ಲಿ ನನ್ನ ಹೆಸರು ಕರೆದರು. ಕರೆದರೆಂದರೆ ಸಹಿ ಆಗಿರಬೇಕು ಅಂದುಕೊಂಡೆ, ಆದರೂ ಕಣ್ಣಾರೆ ಕಾಣುವವರೆಗೆ ಧೈರ್ಯವಿಲ್ಲ. ಮುಂಬಯಿಯಿಂದ ಬಂದ ಪರೀಕ್ಷಕರು ನನ್ನ ಜರ್ನಲ್ ತಿರುವುತ್ತಾ ಕಡೆಯ ಪುಟಕ್ಕೆ ಬಂದು ನಿಂತರು. ಅವರಿಗೆ ಕನ್ನಡ ಬಾರದು. ಇದು ಯಾವ ಪದಾರ್ಥದ ಪರೀಕ್ಷೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಿಟಕಿಯ ಬಳಿ ನಿಂತಿದ್ದ ನಮ್ಮ ಪ್ರೊಫೆಸರರು ತಿರುಗದೆಯೇ, ಇದು ನೈಸರ್ಗಿಕವಾಗಿ ಸಿಗುವ ಪದಾರ್ಥ, ಮಾದರಿ ಬೇಕಿದ್ದರೆ ತಮ್ಮ ಮನೆಗೆ ಊಟಕ್ಕೆ ಬರಬೇಕು ಎಂದರು. ಪರೀಕ್ಷಕರು ಏನೂ ತಿಳಿಯದೆ ತಲೆಯಾಡಿಸಿ, ಬಿಚ್ಚಿದ ಜರ್ನಲ್ಲನ್ನು ನನ್ನ ಮುಂದೆ ಸರಿಸಿ ಮುಂದಿನ ಹುಡುಗನ ಬಳಿ ಹೋದರು.

ಆಗ ನೋಡಿದೆ. ನಾನು ಖಾಲಿ ಬಿಟ್ಟಿದ್ದ ತೀರ್ಮಾನದ ಕಾಲಮ್ಮಿನಲ್ಲಿ ಕೆಂಪು ಮಸಿಯಿಂದ 'ನನ್ನ ಮೊಮ್ಮಗಳು' ಎಂದು ಬರೆದಿತ್ತು. ಅದರ ಕೆಳಗೆ ಸಹಿ ಇತ್ತು.